ಮನೆ ಗುಂಪಿನಲ್ಲಿ ಓರೆ ಚೌಕಗಳ ಚರ್ಚೆ

ನಾನು: ಫೋಟೋ ನೋಡಿ ಎಲ್ಲರೂ. ಅಡ್ಡಕ್ಕೆ 12 ಚೌಕ, ಕೆಳಕ್ಕೆ 22 ಸಾಲು; ಮೇಲೆ ನೆಟ್ಟಗೆ, ಕೆಳಗಿಳಿದ ಹಾಗೆ ಓರೆ. ಜರ್ಮನಿಯ ಗೇಯೋರ್ಗ್ ನೇಸ್ 1968ರ ಸುಮಾರಿಗೆ ಕಂಪ್ಯೂಟರಿನಲ್ಲಿ ಮಾಡಿದ ‘ಶಾಟರ್’ ಅನ್ನುವ ಚಿತ್ರ ನೋಡಿ ನಾನೇ ಪ್ರೋಗ್ರಾಂ ಬರೆದೆ. ಶಾಟರ್ ಅಂದರೆ ಜಲ್ಲಿ. ಮಡಿಕೇರಿಯಲ್ಲಿ ಪ್ರಿಂಟ್ ಹಾಕಿಸಿ ಸೋಮವಾರಪೇಟೆ ಮನೆಯ ಹಾಲ್‌ನಲ್ಲಿ ಇಡೋಣವಾ?

ದೊಡ್ಡಪ್ಪ: ಮೇಲೆ ಚೆನ್ನಾಗಿದೆ. ಕೆಳಗೆ ಎಲ್ಲ ಚೆಲ್ಲಾಪಿಲ್ಲಿ. ಮಷೀನ್ ಎಳೆದ ಗೆರೆಯನ್ನು ಕಲೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮಜ್ಜಿ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೂ ಅಳಿಸಿ ಮತ್ತೆ ಹಾಕುತ್ತಿದ್ದರು.

ಅಣ್ಣ: ಅರ್ಧ ನೆಟ್ಟಗೆ, ಅರ್ಧ ಓರೆ ಯಾಕೆ? ಎಲ್ಲಾ ಸಾಲನ್ನೂ ರ‍್ಯಾಂಡಮ್ ಬಿಟ್ಟುಬಿಡು.

ನಾನು: ಬಿಟ್ಟು ನೋಡಿದೆ ಅಣ್ಣ. ಸೌದೆ ಸುರಿದ ಹಾಗೆ ಕಂಡಿತು. ಮೇಲಿನ ಸಾಲು ನೆಟ್ಟಗಿದ್ದರೇ ಕೆಳಗಿನದು ಜಾರುತ್ತಿದೆ ಅಂತ ಗೊತ್ತಾಗುವುದು.

ದೊಡ್ಡಪ್ಪ, ಮಷೀನ್ ಸುಮ್ನೆ ಎಳೆದದ್ದಲ್ಲ ಇದು. ಚೌಕ ಎಷ್ಟು ತಿರುಗಬಹುದು ಅಂತ ಪ್ರತಿ ಸಾಲಿಗೂ ಮಿತಿ ಕೊಟ್ಟಿದ್ದೇನೆ. ಮೊದಲ ಸಾಲಿಗೆ ಸೊನ್ನೆ. ಒಂದೊಂದು ಸಾಲು ಇಳಿದ ಹಾಗೆ 2 ಡಿಗ್ರಿ ಜಾಸ್ತಿ. ಆ ಮಿತಿಯೊಳಗೆ ಎಡಕ್ಕೋ ಬಲಕ್ಕೋ, ಎಷ್ಟು ಅನ್ನುವುದನ್ನು ಮಾತ್ರ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ.

ಚಿಕ್ಕಮ್ಮ: ನನಗೆ ನಮ್ಮ ಹಳೇ ತೋಟ ಕಂಡಿತು. ಭಾವ, ನೀವೇ ಹಗ್ಗ ಹಿಡಿದು ಆರಡಿಗೊಂದು ಗೂಟ ಹೊಡೆಸಿದ್ದು ಅಲ್ವಾ? ಈಗ ತೋಡಿನ ಕಡೆ ಇಳಿದರೆ ಗಿಡಗಳೆಲ್ಲ ಓರೆ.

ದೊಡ್ಡಪ್ಪ: ಅದು ಮಳೆಗೆ ಮಣ್ಣು ಜಾರಿ ಆಗಿದ್ದು. ಸತ್ತ ಗಿಡದ ಜಾಗಕ್ಕೆ ಸಪ್ಲೈ, ಅಂದರೆ ಬದಲಿ ಗಿಡ, ಹಾಕಿದ್ದೂ ಇದೆ. ಅದಕ್ಕೆ ಕಾರಣ ಇದೆ. ಈ ಚೌಕಕ್ಕೆ ಏನು ಕಾರಣ?

ನಾನು: ನನ್ನ ಕಣ್ಣು. 3 ಡಿಗ್ರಿ ಕೊಟ್ಟೆ, ಬೇಗ ಚೆದುರಿತು. 1 ಕೊಟ್ಟೆ, ಸಪ್ಪೆ. ಮೂರು ರಾತ್ರಿ ಕೂತು 2ಕ್ಕೆ ಬಂದೆ.

ಇನ್ನೊಂದು ಮಾತು. ವೆರಾ ಮೊಲ್ನಾರ್ ಅಂತ ಒಬ್ಬ ಕಲಾವಿದೆ ಇದ್ದರು. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕಿದವರು. 1959ರಿಂದಲೇ ನಿಯಮ ಬರೆದಿಟ್ಟು, ಅದರಂತೆ ಕೈಯಲ್ಲೇ ಬಿಡಿಸುತ್ತಿದ್ದರು. ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಆಗ ಕೈ, ಆಮೇಲೆ ಮಷೀನ್. ಯೋಚನೆ ಎರಡು ಸಲವೂ ಅವರದೇ ಅಲ್ವಾ?

ದೊಡ್ಡಪ್ಪ: ಏಳನೇ ಸಾಲನ್ನು ದೊಡ್ಡದು ಮಾಡಿ ನೋಡಿದೆ. ಸಾಲು ಇನ್ನೂ ತಪ್ಪಿಲ್ಲ. ಆದರೆ ಒಂದರ ಮೂಲೆ ಪಕ್ಕದ ಚೌಕದೊಳಗೆ ನುಗ್ಗಿದೆ. ಆ ಜಾಗ ಇಷ್ಟವಾಯಿತು. ಪ್ರಿಂಟ್ ಹಾಕಿಸು. ಕೆಳಗೆ ‘ಬಿಡಿಸಿದವರು’ ಅಂತ ನಿನ್ನ ಹೆಸರು ಮಾತ್ರ ಬೇಡ.

ನಾನು: ಹೆಸರು ಹಾಕುತ್ತೇನೆ ದೊಡ್ಡಪ್ಪ. ಆ 2 ಡಿಗ್ರಿ ನನ್ನದು.