ನುಸಿ ಕಚ್ಚುತ್ತದೋ, ಹಿಡಿಯುತ್ತದೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯ ಕೇಳಬೇಕಿತ್ತು. 'ನುಸಿ' ಅಂದರೆ ನಿಮ್ಮ ಮನೆಯಲ್ಲಿ ಯಾವ ಹುಳ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ತಮ್ಮ ಹೆಂಡತಿ ಮಗಳನ್ನು ಕರೆದುಕೊಂಡು ಸಿಂಗಪುರಕ್ಕೆ ಹೋಗಿ ಎರಡು ತಿಂಗಳಾಯಿತು. ನಾನೂ ಹಿಂದೆ ಅಲ್ಲಿ ಮೂರು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬಂದವನೇ. ಅವನ ಜೊತೆ ಹೋದ ಕನ್ನಡದ ಮನೆಗಳು ಇನ್ನೂ ನಾಲ್ಕೈದಿವೆ. ವರ್ಷವಿಡೀ ಸೆಕೆ, ವರ್ಷವಿಡೀ ಮಳೆ, ಹಾಗಾಗಿ ಹುಳಹುಪ್ಪಟೆಗಳಿಗೂ ರಜೆ ಇಲ್ಲದ ಊರು ಅದು. "ನೀನು ಅನುಭವಸ್ಥ ಅಲ್ವಾ, ಏನು ಮಾಡಬೇಕು ಅಂತ ಎಲ್ಲರಿಗೂ ಕನ್ನಡದಲ್ಲಿ ಒಂದು ಪುಟ ಬರೆದುಕೊಡು" ಅಂದ. ಬರೆಯುತ್ತಾ ಹೋದೆ. ಇರುವೆ ಆಯಿತು, ಜಿರಳೆ ಆಯಿತು, ಸೊಳ್ಳೆ ಆಯಿತು. ನುಸಿ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ.

ಹಳೇ ಕತೆ ಒಂದು ಹೇಳಿಬಿಡುತ್ತೇನೆ. ಅಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಪುತ್ತೂರು ಕಡೆಯವನು. ಒಂದು ಶನಿವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ಬಂದು, "ನುಸಿ ಅಂದ್ರೆ ನುಸಿ ಮಾರಾಯ, ನಿದ್ದೆಯೇ ಇಲ್ಲ" ಅಂತ ಹೇಳಿ ಹೊರಗೆ ಹೋದ. ಅಕ್ಕಿಗೆ ನುಸಿ ಹಿಡಿದರೆ ಇವನಿಗೆ ಯಾಕೆ ನಿದ್ದೆ ಬರಲ್ಲ ಅಂತ ಒಂದು ಕ್ಷಣ ಅನ್ನಿಸಿತು, ಆದರೂ ಪಾಪ, ಅಷ್ಟು ತಲೆಗೆ ಹಚ್ಚಿಕೊಂಡಿದ್ದಾನಲ್ಲ ಅಂತ ಡಬ್ಬಿಯಲ್ಲಿದ್ದ ಐದು ಕೆ.ಜಿ. ಸೋನಾ ಮಸೂರಿಯನ್ನು ಪೇಪರ್ ಹಾಸಿ ಕಿಟಕಿ ಬಿಸಿಲಿಗೆ ಹರವಿದೆ, ಮೊರ ಇಲ್ಲದ್ದಕ್ಕೆ ಊಟದ ತಟ್ಟೆಯಲ್ಲೇ ಕೇರಿದೆ, ಡಬ್ಬಿ ತೊಳೆದು ಒರೆಸಿ ನಾಲ್ಕು ಒಣಮೆಣಸಿನಕಾಯಿ ಹಾಕಿ ಅಕ್ಕಿ ತುಂಬುತ್ತಾ ಕೂತೆ. ಒಂದು ಹುಳ ಸಿಗಲಿಲ್ಲ. ಅವನು ಮಧ್ಯಾಹ್ನ ಬಂದು ನೋಡಿ, "ಅಕ್ಕಿಗೆ ಎಂತ ಆಯ್ತು?" ಅಂದ. ನುಸಿ ಅಂದ್ಯಲ್ಲೋ ಅಂದೆ. "ಅಕ್ಕಿಗಲ್ಲ, ನನಗೆ ಕಚ್ಚಿದ್ದು!" ಅಂತ ಮೊಣಕೈ ತೋರಿಸಿದ.

ಅವರ ಕಡೆ ನುಸಿ ಅಂದರೆ ಸೊಳ್ಳೆ. ಕರಾವಳಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ, ನನಗೆ ಮಾತ್ರ ಅವತ್ತೇ ಗೊತ್ತಾಗಿದ್ದು. (ಅವನ ಮನೆಯಲ್ಲಿ ತುಳು ಮಾತಾಡುವಾಗ ಅದೇ ಸೊಳ್ಳೆ ಉಮಿಲ್ ಆಗುತ್ತದಂತೆ.)

ಆಮೇಲೆ ಅದೇ ನಮ್ಮ ಮನೆಯ ತಮಾಷೆ ಆಯಿತು. ಅಲ್ಲಿ ಡೆಂಗಿ ಹುಡುಗಾಟದ ಮಾತಲ್ಲ, 2020ರಲ್ಲಿ 35 ಸಾವಿರಕ್ಕೂ ಜಾಸ್ತಿ ಜನಕ್ಕೆ ಬಂದಿತ್ತು. ಹೂಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯಾ ಅಂತ ಮನೆ ಒಳಗೇ ಬಂದು ನೋಡುತ್ತಾರೆ, ಮರಿ ಸಿಕ್ಕಿದರೆ ದಂಡ. 2016ರಿಂದ ಇನ್ನೊಂದು ಉಪಾಯವೂ ಶುರುವಾಗಿದೆ. ವೊಲ್ಬೇಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಬೆಳೆಸಿ ಬೀದಿಯಲ್ಲಿ ಬಿಡುತ್ತಾರೆ. ಗಂಡು ಕಚ್ಚುವುದಿಲ್ಲ. ಅವು ಊರಿನ ಹೆಣ್ಣು ಸೊಳ್ಳೆಗಳ ಜೊತೆ ಸೇರಿದರೆ ಮೊಟ್ಟೆ ಒಡೆಯುವುದೇ ಇಲ್ಲ. ನಮ್ಮ ಪುತ್ತೂರಿನವನಿಗೆ ಇದು ಕೊನೆವರೆಗೂ ಜೀರ್ಣ ಆಗಲಿಲ್ಲ. "ಸರಕಾರವೇ ನುಸಿ ಸಾಕಿ ಬಿಡ್ತದಂತೆ, ಇದೆಂತ ಊರು?"

ಈಗ ಪದಕ್ಕೆ ಬರುತ್ತೇನೆ. ನಮ್ಮ ಮನೆ ಮಾತು ತುಮಕೂರು ಕಡೆಯದು. ನಮ್ಮಲ್ಲಿ ನುಸಿ ಯಾವತ್ತೂ ಕಚ್ಚುವುದಿಲ್ಲ, ಹಿಡಿಯುತ್ತದೆ. ಹಿಟ್ಟಿಗೆ ನುಸಿ ಹಿಡೀತು, ಕಾಳಿಗೆ ನುಸಿ ಹಿಡೀತು, ತೊಲೆಗೆ ನುಸಿ ಹಿಡೀತು. ತುಕ್ಕು ಹಿಡಿದ ಹಾಗೆ, ಬೂಷ್ಟು ಹಿಡಿದ ಹಾಗೆ. 'ಎರಡು ನುಸಿ ಹೊಡೆದೆ' ಅಂತ ನಮ್ಮ ಕಡೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಮೂತಿ ಇಟ್ಟುಕೊಂಡು ಓಡಾಡುವುದು ಕುಟ್ಟೆ ಹುಳ, ಅದನ್ನು ಆರಿಸಿ ಬಿಸಾಡಬಹುದು. ನುಸಿಯಲ್ಲಿ ಕಾಣುವುದು ಬರೀ ಪುಡಿ. ಹಾಗಾಗಿ ನನ್ನ ಊಹೆ ಏನಂದರೆ, ನಮ್ಮ ಕಡೆ ಇದು ಪ್ರಾಣಿಯ ಹೆಸರೇ ಅಲ್ಲ, ಹಾಳಾದದ್ದರ ಹೆಸರು.

ಇದನ್ನು ಹೆಂಡತಿಗೆ ಹೇಳಿದೆ. ಅವಳು ಒಂದೇ ಮಾತಲ್ಲಿ ಬೀಳಿಸಿದಳು. "ಸಾಯಂಕಾಲ ಸ್ಕೂಟರ್‌ನಲ್ಲಿ ಬರುವಾಗ ಕಣ್ಣಿಗೆ ನುಸಿ ಬಿತ್ತು ಅಂತೀರಲ್ಲ, ಅದೇನು ಪುಡಿಯಾ?" ಹೌದು. ಅದು ರೆಕ್ಕೆ ಇರುವ, ಒಂದೇ ಒಂದು, ಜೀವ ಇರುವ ನುಸಿ. ಅದನ್ನೇ ಕೆಲವರು ಗುಂಗುರು ಅನ್ನುತ್ತಾರೆ, ನೊರಜು ಅಂತಲೂ ಇದೆ. ಆದರೆ ಬಾಳೆಹಣ್ಣಿನ ಸುತ್ತ ಹಾರುವುದಕ್ಕೆ ನಾನು ಗುಂಗುರು ಅನ್ನುತ್ತೇನೆಯೇ ಹೊರತು ನುಸಿ ಅನ್ನಲ್ಲ. ಯಾಕೋ ಗೊತ್ತಿಲ್ಲ.

ಸಾಲದ್ದಕ್ಕೆ ಬೀರುವಿನಲ್ಲಿ ಇಡುವ ನುಸಿಗುಳಿಗೆ ಇದೆ. ಅದು ಓಡಿಸಬೇಕಾದದ್ದು ರೇಷ್ಮೆ, ಉಣ್ಣೆ ತಿನ್ನುವ ಪತಂಗದ ಮರಿಯನ್ನು. ಇನ್ನು ತೆಂಗಿನ ತೋಟ ಇರುವವರನ್ನು ಕೇಳಿದರೆ ನುಸಿ ಪೀಡೆ ಅಂತ ನಿಟ್ಟುಸಿರು ಬಿಡುತ್ತಾರೆ. 1998ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಬಂತು, ತೊಟ್ಟಿನ ಕೆಳಗೆ ಕಂದು ಕಲೆ ಬಿದ್ದು ಕಾಯಿ ಮುರುಟಿಕೊಳ್ಳುತ್ತದಲ್ಲ, ಅದು. ಕೃಷಿಯವರ ಬರವಣಿಗೆಯಲ್ಲಿ ನುಸಿ ಅಂದರೆ ಹೆಚ್ಚಾಗಿ ಮೈಟ್. ಸಾಮಾನ್ಯವಾಗಿ ಎಂಟು ಕಾಲು, ಜೇಡದ ಬಳಗ, ಲೆಕ್ಕಕ್ಕೆ ಕೀಟವೂ ಅಲ್ಲ.

ನನ್ನ ಪೇಚಾಟ ಇರುವುದು ಇಲ್ಲೇ. ತಮ್ಮನ ಮಗಳಿಗೆ ಅಲ್ಲಿಗೆ ಹೋದಾಗಿನಿಂದ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು. ಡಾಕ್ಟರು ಡಸ್ಟ್ ಮೈಟ್ ಅಂದರಂತೆ. ಸುಮಾರು ಕಾಲು ಮಿಲಿಮೀಟರ್ ಪ್ರಾಣಿ, ಹಾಸಿಗೆ ದಿಂಬಿನಲ್ಲಿ ಇದ್ದುಕೊಂಡು ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿನ್ನುತ್ತದೆ, ತಿಗಣೆ ಥರ ರಕ್ತ ಕುಡಿಯಲ್ಲ. ತೇವದ ಸೆಕೆ ಅಂದರೆ ಅದಕ್ಕೆ ಪ್ರೀತಿ. 60 ಡಿಗ್ರಿ ನೀರಿನಲ್ಲಿ ಒಗೆದರೆ ಸಾಯುತ್ತದೆ. ಹಾಗಾಗಿ ನಾನು ಬರೆದೆ: 'ಹಾಸಿಗೆಯಲ್ಲಿ ನುಸಿ ಇರುತ್ತದೆ, ವಾರಕ್ಕೊಮ್ಮೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ.' ಆ ನಾಲ್ಕೈದು ಮನೆಗಳಲ್ಲಿ ಒಂದು ಉಡುಪಿಯದು. ಅವರು ಓದಿದರೆ ಸೊಳ್ಳೆಗೆ ಯಾಕಪ್ಪಾ ಬಿಸಿನೀರು ಅಂತ ನಗಲ್ವಾ? 'ದೂಳುನುಸಿ' ಅಂತ ಜೋಡಿಸಿದರೆ ನಡೆಯುತ್ತಾ? ಅಥವಾ ಸುಮ್ನೆ ಡಸ್ಟ್ ಮೈಟ್ ಅಂತಲೇ ಬಿಡಲಾ? ನನಗೆ ಮೊದಲನೆಯದೇ ಇಷ್ಟ. ದೂಳು ಸೇರಿದ ಕೂಡಲೇ ಸೊಳ್ಳೆ ಹಾರಿಹೋಗುತ್ತದೆ.

ಜಿರಳೆಗೆ ಇಷ್ಟು ತಕರಾರಿಲ್ಲ. ಜಿರಲೆ, ಜಿರಳೆ ಎರಡೂ ಓಡುತ್ತವೆ, ಜೊಂಡಿಗ ಅಂದರೂ ಅದೇ. ಅಡುಗೆಮನೆಯ ಸಣ್ಣ ಕಂದು ಜಾತಿಯನ್ನು ಜರ್ಮನ್ ಜಿರಳೆ ಅಂತ ಕರೆಯುತ್ತಾರೆ, ಅದರ ಮೂಲ ಬಂಗಾಳ ಕೊಲ್ಲಿಯ ಸುತ್ತಮುತ್ತ ಅಂತ 2024ರಲ್ಲಿ ಜೀನ್ ನೋಡಿ ಹೇಳಿದ್ದಾರೆ. ಹೆಸರು ಮಾತ್ರ ಪಾಪ ಜರ್ಮನಿಯವರ ತಲೆಗೆ.

ಕೊನೆಗೆ ಇನ್ನೊಂದು, ಇದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ನಾದಿನಿ ಅಲ್ಲಿಂದ ಫೋಟೊ ಕಳಿಸಿದ್ದಾಳೆ. ಗೋಡೆ ಮೇಲೆ ಸೌತೆಬೀಜದ ಹಾಗೆ ಚಪ್ಪಟೆಯಾಗಿ, ಬೂದು ಬಣ್ಣ, ಒಂದು ಸೆಂಟಿಮೀಟರ್ ಉದ್ದ. ಬೀಜ ಅಂದುಕೊಂಡು ಸುಮ್ಮನೆ ನೋಡುತ್ತಿದ್ದರೆ ಒಂದು ತುದಿಯಿಂದ ಕಪ್ಪು ತಲೆ ಹೊರಗೆ ಬರುತ್ತದೆ, ಬೀಜವನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗುತ್ತದೆ, ಮುಟ್ಟಿದರೆ ಒಳಗೆ ಸೇರಿ ಸ್ವಲ್ಪ ಹೊತ್ತಿಗೆ ಆ ಕಡೆ ತುದಿಯಿಂದ ಇಣುಕುತ್ತದೆ. ಎರಡೂ ಕಡೆ ಬಾಗಿಲು. ರೇಷ್ಮೆ ಎಳೆಗೆ ದೂಳು, ಮರಳು ಅಂಟಿಸಿ ಮಾಡಿಕೊಂಡ ಚೀಲ ಅದು, ಬೆಳೆದ ಮೇಲೆ ಸಣ್ಣ ಪತಂಗ ಆಗಿ ಹಾರುತ್ತದೆ. ಜೇಡರ ಬಲೆ, ಉದುರಿದ ಕೂದಲು ಅದರ ಊಟ.

ಅಮ್ಮನಿಗೆ ಫೋಟೊ ತೋರಿಸಿದೆ. "ಇದಾ? ನಮ್ಮ ಬಚ್ಚಲ ಗೋಡೆ ಮೇಲೂ ಐತಲ್ಲೋ" ಅಂದರು. ಹೋಗಿ ನೋಡಿದರೆ ನಿಜವಾಗಲೂ ಮೂರಿದ್ದವು. ಹೆಸರೇನಮ್ಮ ಅಂದರೆ, "ಅದಕ್ಕೆಂಥ ಹೆಸರು, ಪೊರಕೆ ತಗೊಂಡು ಗುಡಿಸು." ನಿಮ್ಮಲ್ಲಿ ಯಾರಾದರೂ ಇದಕ್ಕೆ ಹೆಸರಿಟ್ಟಿದ್ದೀರಾ?