ರೂಫ್ ಬಟ್ಟೆ ಮೂರು ಸಲ ಅಂಟಿಸಿದ್ರೂ ತಲೆ ಮೇಲೆ ಬೀಳ್ತೈತೆ, ಜೊತೆಗೆ ಕಾರೊಳಗೆ ಕೊಳೆತ ವಾಸನೆ. ಏನ್ ಮಾಡ್ಲಿ?

ಬಳ್ಳಾರಿ_ಬಿಸಿಲು:
ಎಲ್ರಿಗೂ ನಮಸ್ಕಾರ. ನಮ್ದು 2006ರ ಸಣ್ಣ ಹ್ಯಾಚ್‌ಬ್ಯಾಕ್, ಅಪ್ಪ ತಗಂಡಿದ್ದು. ಯಾವ ಕಂಪನಿ ಅಂತ ಹೇಳಲ್ಲ, ಹೇಳಿದ್ರೆ ಹೋದ ಸಲದಂಗೆ ಅದ್ರ ಮೇಲೇ ಜಗಳ ಶುರುವಾಗಿ ನನ್ನ ಪ್ರಶ್ನೆ ಮೂಲೆಗೆ ಬೀಳ್ತೈತೆ. ಇಂಜಿನ್ ಗಟ್ಟಿ ಐತೆ, ಒಳಗೆ ಮಾತ್ರ ನೋಡಕ್ಕಾಗಲ್ಲ. ರೂಫ್ ಬಟ್ಟೆ ನಡುವೆ ಜೋತು ಬಿದ್ದು ಮಳೆಗೆ ಶಾಮಿಯಾನ ನೀರು ತುಂಬ್ಕಂಡಂಗೆ ಆಗೈತೆ, ಕನ್ನಡಿಯಾಗೆ ಹಿಂದಿನ ಗಾಡಿ ಕಾಣಲ್ಲ, ಬಟ್ಟೆ ಕಾಣ್ತೈತೆ.

ಮೂರು ಸಲ ಅಂಟಿಸಿದೀನಿ. ಮೊದ್ಲು ಬಡಿಗೇರ್ರು ಬಳಸೋ ಬಿಳಿ ಗಮ್ಮು ಸಿರಿಂಜ್‌ಗೆ ತುಂಬಿ ಬಟ್ಟೆಗೆ ಚುಚ್ಚಿ ಬಿಟ್ಟೆ, ಅದು ಹೊರಗೆ ಇಂಗಿ ಟೀ ಗ್ಲಾಸ್ ಇಟ್ಟ ಗುರ್ತಿನಂಗೆ ಕಲೆ ಆತು. ಆಮೇಲೆ ಸ್ಟೇಷನರಿ ಅಂಗಡಿ ಸ್ಪ್ರೇ ಗಮ್ಮು, ಅದು ಎಂಟು ದಿನ. ಮೂರನೇ ಸಲ ಚಪ್ಪಲಿ ಹೊಲಿಯೋರ ಹತ್ರ ಸಲ್ಯೂಷನ್ ತಗಂಬಂದು ಹಚ್ಚಿದೆ, ಅಂಚು ನಿಂತ್ಕಂಡೈತೆ ನಡುವೆ ಮತ್ತೆ ಬಿತ್ತು. ಮಧ್ಯಾಹ್ನ ಬಿಸಿಲಾಗೆ ಎರಡು ತಾಸು ನಿಲ್ಲಿಸಿ ಬಂದ್ರೆ ಸಾಕು ಕತೆ ಮುಗೀತು. ಇನ್ನೊಂದು, ಬ್ರೇಕ್ ಹಾಕಿದಾಗೆಲ್ಲ ಮೇಲಿಂದ ಕಡ್ಲೆ ಹಿಟ್ಟಿನಂಗೆ ಹಳದಿ ಪುಡಿ ಉದುರ್ತೈತೆ, ಮನೆಯಾಕಿ ನನಗೆ ತಲೆಹೊಟ್ಟು ಅಂತ ಶಾಂಪೂ ತಂದಿಟ್ಟಳು.

ಕೌಲ್ ಬಜಾರ್‌ನಾಗೆ ಕೇಳಿದ್ರೆ ಆರು ಸಾವಿರ, ಮೂರು ದಿನ ಗಾಡಿ ಬಿಡ್ರಿ ಅಂದ್ರು. ಅಷ್ಟು ಕೊಡೋ ಬದ್ಲು ಮನೇಲೇ ಮಾಡಣ ಅಂತ. ಇದಲ್ದೆ ಎಡಗಡೆ ಮುಂದಿನ ಸೀಟಿನ ಕಾಲಿಡೋ ಜಾಗದಾಗೆ ಒದ್ದೆ ಗೋಣಿಚೀಲದ ವಾಸನೆ, ಎಷ್ಟು ಪರ್ಫ್ಯೂಮ್ ಇಟ್ರೂ ಹೋಗ್ತಿಲ್ಲ. ದಿನಾ ತೋರಣಗಲ್ಲು ಉಕ್ಕಿನ ಕಾರ್ಖಾನೆ ಕಡೆ ಓಡಾಟ, ಸೀಟಿನ ಬಟ್ಟೆ ಎಲ್ಲ ಕೆಂಪು ಧೂಳು, ಅದ್ರ ಮೇಲೆ ಜೀನ್ಸ್ ಬಣ್ಣ ಹತ್ತಿ ನೀಲಿ. ಎಲ್ಲಿಂದ ಶುರು ಮಾಡ್ಲಿ ಹೇಳ್ರಪ್ಪ.

ಗಂಗಾವತಿ_ಗಾಡಿ:
ದೋಸ್ತಾ ಇದಕ್ಯಾಕ ಇಷ್ಟು ತಲಿ ಕೆಡಿಸ್ಕೊತಿ, ತಿರುವೋ ಪಿನ್ನು ಸಿಗ್ತಾವು ಆನ್‌ಲೈನ್‌ನಾಗ, ಸ್ಕ್ರೂ ಗತೆ ಇರ್ತಾವು, ಸಾಲಾಗಿ ಒಂದು ಇಪ್ಪತ್ತು ಚುಚ್ಚಿ ತಿರುವಿಬಿಡು. ನಂದರಾಗ ಹಂಗ ಮಾಡೀನಿ, ನೋಡಾಕ ಸೋಫಾ ಗುಂಡಿ ಇಟ್ಟಂಗ ಡಿಸೈನ್ ಆಗೈತಿ.

ಸೂಜಿದಾರ_ಕೊಪ್ಪಳ:
ತಮ್ಮಾ, ಆ ಹಳದಿ ಪುಡೀನ ನಿನ್ನ ಉತ್ತರ. ಅದು ಸ್ಪಂಜು. ರೂಫ್ ಬಟ್ಟಿ ಬರೀ ಬಟ್ಟಿ ಅಲ್ಲ, ಅದರ ಬೆನ್ನಿಗೆ ತೆಳ್ಳಂದು ಫೋಮ್ ಅಂಟಿಸಿರ್ತಾರ, ಆ ಫೋಮ್ ಒಳಗಿನ ಗಟ್ಟಿ ಬೋರ್ಡಿಗೆ ಅಂಟಿರ್ತೈತಿ. ಹದಿನೈದು ಇಪ್ಪತ್ತು ವರ್ಷದ ಕಾವು ತೇವ ಎರಡೂ ತಿಂದು ಫೋಮ್ ಹಿಟ್ಟಾಗೈತಿ. ನೀ ಹಚ್ಚಿದ ಗಮ್ಮಿಂದು ತಪ್ಪಿಲ್ಲ, ರೊಟ್ಟಿ ಕಲ್ಲಿನ ಮ್ಯಾಲ ಒಣ ಹಿಟ್ಟು ಹರಡಿ ಅದಕ್ಕ ಕಾಗದ ಅಂಟಿಸಿದಂಗ, ಗಮ್ಮು ಹಿಟ್ಟಿಗೆ ಹಿಡೀತು, ಹಿಟ್ಟು ಬೋರ್ಡ್ ಬಿಡ್ತು. ಗಂಗಾವತಿಯವರ ಪಿನ್ನೂ ಅಷ್ಟ, ನಾಕು ತಿಂಗಳು ನಿಲ್ತಾವು, ನಡುನಡುವ ಮತ್ತ ಜೋತು ಬೀಳ್ತೈತಿ.

ಹಳೇ ಬಟ್ಟಿ ಮತ್ತ ಅಂಟಿಸೋ ಆಸೆ ಬಿಡು. ಬೋರ್ಡ್ ಹೊರಗ ತಗೀಬೇಕು, ಫೋಮ್ ಪೂರ್ತಿ ತಿಕ್ಕಿ ತಗೀಬೇಕು, ಹೊಸ ಬಟ್ಟಿ ಹಾಕಬೇಕು. ಕೆಲಸದಾಗ ಮುಕ್ಕಾಲು ಪಾಲು ಬರೇ ತಿಕ್ಕೋದ. ಮೊದ್ಲು ಬ್ಯಾಟರಿ ಮೈನಸ್ ಬಿಚ್ಚು. ಸನ್‌ವೈಸರ್, ಕೈ ಹಿಡ್ಕೊಳ್ಳೋ ಹ್ಯಾಂಡಲ್, ರೂಫ್ ಲೈಟು, ಮುಂದಿನ ಹಿಂದಿನ ಪಿಲ್ಲರ್ (ಗಾಜಿನ ಪಕ್ಕದ ಕಂಬ) ಪ್ಲಾಸ್ಟಿಕ್ಕು, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗು, ಇವೆಲ್ಲ ತಗದ್ರ ಬೋರ್ಡ್ ಸಡ್ಲ ಆಗ್ತೈತಿ, ಸೀಟು ಪೂರ್ತಿ ಮಲಗಿಸಿ ಡಿಕ್ಕಿ ಕಡಿಂದ ಇಬ್ಬರು ಹಿಡಿದು ಹೊರಗ ತಗೀರಿ. ಒಬ್ಬನ ಮಾಡಾಕ ಹೋಗಬ್ಯಾಡ, ಬೋರ್ಡ್ ಹಪ್ಪಳದಂಗ, ಮಡಚಿದ್ರ ಗೆರಿ ಬೀಳ್ತೈತಿ. ಇದನ್ನ ಓದೋ ಬ್ಯಾರೆಯವರಿಗೆ ಒಂದು ಮಾತು, ಹೊಸ ಗಾಡಿಯಾಗ ಬಾಗಿಲ ಮ್ಯಾಲ ರೂಫ್ ಅಂಚಿನ್ಯಾಗ ಕರ್ಟನ್ ಏರ್‌ಬ್ಯಾಗ್ (ಅಪಘಾತ ಆದ್ರ ಪರದೆಯಂಗ ಉಬ್ಬೋ ಚೀಲ) ಇದ್ರ ನೀವಾಗೇ ಕೈ ಹಚ್ಚಬ್ಯಾಡ್ರಿ.

ತಿಕ್ಕಾಕ ನೈಲಾನ್ ಬ್ರಷ್, ಬಟ್ಟಿ ತೊಳಿಯೋದು ಇರ್ತೈತಲ್ಲ ಅದ. ಕಂಬಿ ಬ್ರಷ್ ಬ್ಯಾಡ, ಬೋರ್ಡಿನ ನಾರು ಕಿತ್ತು ಬರ್ತೈತಿ. ನೀರು ಮುಟ್ಟಿಸಬ್ಯಾಡ, ಬೋರ್ಡ್ ಮೆತ್ತಗಾಗ್ತೈತಿ. ಬಾಯಿಗೆ ಮಾಸ್ಕ್, ತುಂಬುತೋಳು ಅಂಗಿ, ಇಲ್ಲಂದ್ರ ಎರಡು ದಿನ ಮೈ ತುರಸ್ತೈತಿ.

ರಾಯಚೂರು_ರಿಪೇರಿ:
ಬಟ್ಟಿ ಕೆಲಸಕ್ಕ ಕೈ ಹಾಕೋಕಿಂತ ಮೊದ್ಲ ಆ ವಾಸನಿ ನೋಡ್ರಿ. ಒಳಗ ನೀರು ನಿಂತಿದ್ರ ತೇವ ಮ್ಯಾಲ ಏರಿ ಹೊಸ ಫೋಮ್ ಸತೆ ಅದ ದಾರಿ ಹಿಡೀತದ. ಎಡಗಡೆ ಕಾಲ ಹತ್ರ ಅಂದ್ರಲ್ಲ, ನನ್ನ ಅನುಮಾನ ಎಸಿ ನೀರಿನ ಪೈಪ್ ಮ್ಯಾಲ ಅದ. ನಮ್ಮ ಗಾಡಿಗಳಾಗ ಎಸಿ ಕಾಯಿಲ್ ಸಾಮಾನ್ಯ ಆ ಕಡೀನ ಇರ್ತದ, ಅದರಿಂದ ತೊಟ್ಟಿಕ್ಕೋ ನೀರು ಸಣ್ಣ ರಬ್ಬರ್ ಪೈಪ್‌ನಾಗ ಗಾಡಿ ಕೆಳಗ ಬೀಳ್ಬೇಕು. ಮಣ್ಣು ಕಟ್ಟಿದ್ರ ವಾಪಸ್ ಒಳಗ ಬರ್ತದ. ಎಸಿ ಹಾಕಿ ಕಾಲು ತಾಸು ನಿಲ್ಲಿಸಿ ಕೆಳಗ ನೋಡ್ರಿ ನೀರು ಬೀಳ್ತದೋ ಇಲ್ಲೋ. ಈ ಒಣ ಬ್ಯಾಸಿಗ್ಯಾಗ ಕಮ್ಮಿ ಬೀಳೋದು ಖರೆ, ಆದ್ರ ಒಂದು ಹನಿ ಸತೆ ಇಲ್ಲಂದ್ರ ಕಟ್ಟಿಕೊಂಡಂಗ.

ಮ್ಯಾಟ್ ಎತ್ತಿ ಒದ್ದೆ ಇದ್ದಲ್ಲಿ ಬಿಳಿ ಟಿಶ್ಯೂ ಒತ್ತಿ ನೋಡ್ರಿ. ಬರೀ ನೀರಿದ್ರ ಎಸಿ ಅಥವಾ ಮಳಿದು. ಬಣ್ಣ ಇದ್ದು, ಬೆರಳಿಗೆ ಜಿಡ್ಡು ಹತ್ತಿ, ಸಿಹಿ ವಾಸನಿ ಬಂದ್ರ ಅದು ಕೂಲೆಂಟ್, ಅಂದ್ರ ಇಂಜಿನ್ ತಂಪು ಮಾಡೋ ದ್ರವ, ಹೀಟರ್ ಕಡಿಂದ ಸೋರ್ಲಿಕ್ಕತ್ಯದ, ಅವಾಗ ಮುಂದಿನ ಗಾಜಿನ ಒಳಮೈಗೂ ಎಣ್ಣಿ ಪದರ ಕೂತಂಗ ಕಾಣ್ತದ, ಅದು ಮೆಕ್ಯಾನಿಕ್ ಕೆಲಸ. ಎರಡೂ ಅಲ್ಲಂದ್ರ ವೈಪರ್ ಕೆಳಗಿನ ಜಾಲರಿ ತಗದು ನೋಡ್ರಿ. ನಮ್ಮನಿ ಮುಂದ ಬೇವಿನ ಗಿಡ ಅದ, ಯುಗಾದಿ ಹೊತ್ತಿಗೆ ಹೂವು ಎಲಿ ಎಲ್ಲ ಅದರಾಗ ತುಂಬಿ ಮೊದಲ ಮಳಿಗೆ ನೀರು ಒಳಗ ಬಂದಿತ್ತು.

ಪೈಪ್ ಕಟ್ಟಿದ್ರ ಪಂಚರ್ ಅಂಗಡಿ ಕಂಪ್ರೆಸರ್‌ಲೆ ಹೊಡಸಬ್ಯಾಡ್ರಿ, ಒಳಗಿನ ಜೋಡ್ ಕಳಚ್ತದ. ಸೈಕಲ್ ಪಂಪ್ ಸಾಕು.

ಬಳ್ಳಾರಿ_ಬಿಸಿಲು:
ರಾಯಚೂರಣ್ಣ ನಿಮ್ಗೆ ಕೈ ಮುಗೀಬೇಕು. ಭಾನುವಾರ ಬೆಳಗ್ಗೆ ಗಾಡಿ ಕೆಳಗೆ ಮಲಗಿ ಪೈಪ್ ತುದಿ ಹಿಂಡಿದೆ, ಕುಂಬಾರ ಮಣ್ಣಿನಂಗೆ ಕೆಂಪಂದು ಒಂದು ಗುಳಿಗೆ ಹೊರಗೆ ಬಂತು, ಅದ್ರ ಹಿಂದೇನೇ ಅರ್ಧ ಲೀಟರ್ ನೀರು ಮುಖಕ್ಕೆ. ಟಿಶ್ಯೂದಾಗೆ ಬಣ್ಣ ಇರಲಿಲ್ಲ. ಮುಂದಿನ ಸೀಟು ಎರಡೂ ಬಿಚ್ಚಿ ಕಾರ್ಪೆಟ್ ಎತ್ತಿದ್ರೆ ಕೆಳಗಿನ ದಪ್ಪ ಫೆಲ್ಟು ಹಿಂಡೋ ಅಷ್ಟು ಒದ್ದೆ, ಮೇಲೆ ಕೈ ಇಟ್ರೆ ಮಾತ್ರ ಒಣಗಿದಂಗೇ ಇತ್ತು. ಆರು ತಿಂಗಳಿಂದ ನಾನು ಪರ್ಫ್ಯೂಮ್ ಬದಲಾಯಿಸ್ತಾ ಇದೀನಿ ನೋಡ್ರಿ. ಮಾಳಿಗೆ ಮೇಲೆ ಹಾಕಿದೆ, ಒಂದೇ ದಿನಕ್ಕೆ ಹಪ್ಪಳ. ನಮ್ಮ ಬಿಸಿಲಿಗೆ ಇದೊಂದು ಉಪಯೋಗ.

ಸೂಜಿದಾರ ಅಣ್ಣಾ, ಬೋರ್ಡೂ ತೆಗೆದೆ, ನೀವು ಇಬ್ಬರು ಅಂದ್ರಿ ನಾನು ತಮ್ಮ ಬರೋ ತನಕ ಕಾಯಲಿಲ್ಲ, ಎಡ ಮೂಲೆ ಒಂದು ಗೇಣು ಸೀಳಿ ಹೋಯ್ತು. ಬೈಬ್ಯಾಡ್ರಿ. ಇದು ಹೊಸ ಬೋರ್ಡೇ ಬೇಕಾ? ಗಮ್ಮು ಬಟ್ಟೆ ಯಾವ್ದು ತರ್ಲಿ?

ಸೂಜಿದಾರ_ಕೊಪ್ಪಳ:
ಬೈಯೋದು ಏನೈತಿ, ನಾ ಕಲಿಯೋ ಹೊತ್ತಿನ್ಯಾಗ ಅಂಬಾಸಿಡರ್ ಲೈನಿಂಗ್ ಹರದು ಉಸ್ತಾದರ ಕೈಲೆ ತಿಂದೀನಿ. ಅದರಾಗ ಬೋರ್ಡ್ ಇರ್ತಿರಲಿಲ್ಲ, ಕಂಬಿ ಮ್ಯಾಲ ರೆಕ್ಸಿನ್ ಬಿಗದಿರ್ತಿತ್ತು, ಜೋತು ಬೀಳೋ ಮಾತ ಇಲ್ಲ. ಇರ್ಲಿ. ಸೀಳಿದ್ದಕ್ಕ ಹಿಂದಿನ ಮೈಗೆ, ಅಂದ್ರ ತಗಡಿನ ಕಡಿ, ಕಾಟನ್ ಪಟ್ಟಿ ಒಂದು ನಾಕು ಬಟ್ಟು ಅಗಲ ಕತ್ತರಿಸಿ ಸಲ್ಯೂಷನ್ ಹಚ್ಚಿ ಕೂಡಿಸು, ಮ್ಯಾಲ ಇಟ್ಟಂಗಿ ಇಟ್ಟು ರಾತ್ರಿ ಬಿಡು. ಕಾಣೋ ಕಡಿ ಉಬ್ಬು ಬರಬಾರದು ಅಷ್ಟ, ಹೊಸ ಫೋಮ್ ಸಣ್ಣ ಗೆರಿ ಮುಚ್ಚತೈತಿ.

ಬಟ್ಟಿ, 3 ಎಂಎಂ ಫೋಮ್ ಕೂಡಿಸಿದ ರೂಫ್ ಬಟ್ಟಿ ಅಂತ ಕೇಳು, ಎಳದ್ರ ಸ್ವಲ್ಪ ಹಿಗ್ಗಬೇಕು. ಸೋಫಾ ಬಟ್ಟಿ ಹಿಗ್ಗಂಗಿಲ್ಲ, ತಗ್ಗಿನ್ಯಾಗ ಕೂಡಂಗಿಲ್ಲ. ಉದ್ದ ಅಗಲ ಅಳತಿ ಮಾಡಿ ನಾಕೂ ಕಡಿ ಅರ್ಧ ಗೇಣು ಜಾಸ್ತಿ ತಗೋ, ಸಣ್ಣ ಗಾಡಿಗೆ ಎರಡೂವರಿ ಮೀಟರ್‌ನಾಗ ಆಗ್ತೈತಿ. ಗಮ್ಮು, ನಾವು ಸೋಫಾ ರೆಕ್ಸಿನ್ ಕೆಲಸಕ್ಕ ಬಳಸೋದು ಫೆವಿಕಾಲ್ ಎಸ್‌ಆರ್ 998, ರೂಫಿಗಾದ್ರ ಕಾವು ತಡಿಯೋ ಜಾತಿದು ಕೇಳಿ ತಗೋ, ಬಾಗಿಲು ಹಾಕಿ ಬಿಸಿಲಾಗ ನಿಂತ ಗಾಡಿ ಒಳಗ 60 ಡಿಗ್ರಿ ದಾಟ್ತೈತಿ, ತಗಡಿಗೆ ಹತ್ತಿದ ಬೋರ್ಡು ಅದಕ್ಕೂ ಜಾಸ್ತಿ. ಈ ಗಮ್ಮಿನ ಗ್ಯಾಸಿಗೆ ಬೆಂಕಿ ತಟ್ಟನ ಹತ್ತೈತಿ, ಅಡಿಗಿಮನಿ ಹತ್ರ ಬ್ಯಾಡ, ಬೀಡಿ ಸೇದೋರ್ನ ದೂರ ಇಡು, ಗಾಳಿ ಆಡೋ ಕಡಿ ಕೂಡು.

ಹಚ್ಚೋ ಕಸುಬು ಹಿಂಗ. ಬಟ್ಟಿ ಬೋರ್ಡ್ ಮ್ಯಾಲ ಹರವಿ ಅರ್ಧ ಹಿಂದಕ್ಕ ಮಡಚು. ಬೋರ್ಡಿಗೂ ಫೋಮಿಗೂ ಎರಡೂ ಕಡಿ ತೆಳ್ಳಗ ಹಚ್ಚು, ದಪ್ಪ ಹಚ್ಚಿದ್ರ ಫೋಮ್ ಕುಡದು ಮ್ಯಾಲ ಕಲಿ ಆಗ್ತೈತಿ, ನಿನ್ನ ಟೀ ಗ್ಲಾಸ್ ನೆಪ್ಪೈತಲ್ಲ. ಡಬ್ಬಿ ಮ್ಯಾಲ ಹತ್ತು ಹದಿನೈದು ನಿಮಿಷ ಬಿಡ್ರಿ ಅಂತ ಬರದಿರ್ತೈತಿ, ನಮ್ಮ ಕಡಿ ಕಾವಿಗೆ ಅಷ್ಟು ಬಿಟ್ರ ಒಣಗಿ ಕೆಟ್ಟಂಗ, ಬೆರಳಿನ ಬೆನ್ನು ತಾಗಿಸಿದ್ರ ಜಿಗಿ ಅನಬೇಕು, ಬೆರಳಿಗೆ ಗಮ್ಮು ಬರಬಾರದು, ಅದ ಹೊತ್ತು. ನಡುವಿನಿಂದ ಅಂಗೈಲೆ ಒತ್ತಿಕೋಂತ ಅಂಚಿಗೆ ಹೋಗು. ಲೈಟಿನ ತಗ್ಗು, ವೈಸರ್ ತಗ್ಗು ಬಂದಲ್ಲಿ ಬಟ್ಟಿ ಎಳದು ಬಿಗಿ ಮಾಡಬ್ಯಾಡ, ಒಳಗ ತಳ್ಳಿ ತಳ್ಳಿ ಕೂಡಿಸು. ಎಳದು ಅಂಟಿಸಿದ್ದು ತಿಂಗಳ ಒಳಗ ಅಲ್ಲಿಂದನ ಎದ್ದೇಳ್ತೈತಿ, ರಿಪೇರಿಗೆ ವಾಪಸ್ ಬರೋ ಗಾಡಿ ಎಲ್ಲ ಇದ ಕೇಸ್. ಬೆಳಗ್ಗೆ ಏಳಕ್ಕ ಶುರು ಮಾಡಿ ಒಂಬತ್ತಕ್ಕ ಮುಗಸು.

ಬಳ್ಳಾರಿ_ಬಿಸಿಲು:
ತಿಕ್ಕೋದ್ರಾಗೇ ಎರಡು ಸಂಜೆ ಹೋಯ್ತಣ್ಣ. ಕೈಯಾಗೆ ಸವರಿದ್ರೆ ಪುಡಿ ಹತ್ತಬಾರದು ಅನ್ನೋ ತನಕ ಬಿಡಲಿಲ್ಲ. ನಾಳೆ ಬಟ್ಟೆ ತರ್ತೀನಿ. ಅಲ್ಲಿ ತನಕ ಸೀಟು ಹೊರಗೇ ಐತೆ, ಕೆಂಪು ಧೂಳಿಗೆ ಏನು ಮಾಡೋದು, ಸರ್ಫ್ ನೀರು ಹಾಕಿ ಬ್ರಷ್ ಹೊಡೀಲಾ?

ರಾಯಚೂರು_ರಿಪೇರಿ:
ನೀರು ಬ್ಯಾಡ್ರಿ ಬ್ಯಾಡ್ರಿ! ಮೊದ್ಲ ಒಣದ್ರಾಗ ತಗೀಬೇಕು. ಅದು ಅದಿರಿನ ಧೂಳು, ಕಬ್ಬಿಣ ಇದ್ದದ್ದು, ನೀರು ಬಿದ್ದ ಕೂಡ್ಲೆ ಕೆಸರಾಗಿ ಎಳಿಯೊಳಗ ಇಳೀತದ. ನಮ್ಮಲ್ಲಿ ಶಕ್ತಿನಗರ ಕಡೆ ಕಲ್ಲಿದ್ದಲು ಕರೆಂಟ್ ಸ್ಥಾವರದ ಬೂದಿ ಇದ್ದವರಿಗೂ ಇದ ಮಾತು. ಸೀಟು ಬೋರಲು ಹಾಕಿ ಕೋಲಿಲೆ ಹಾಸಿಗಿ ಬಡಿದಂಗ ಬಡೀರಿ, ಆಮ್ಯಾಲ ವ್ಯಾಕ್ಯೂಮ್, ಮತ್ತ ಬಡೀರಿ, ಮತ್ತ ವ್ಯಾಕ್ಯೂಮ್, ಧೂಳು ಬರೋದು ನಿಲ್ಲೋ ತನಕ. ಅವಾಗ ಶಾಂಪೂ ನೊರಿ ಮಾತ್ರ, ನೀರಲ್ಲ ನೊರಿ, ಬ್ರಷ್‌ಲೆ ಹಚ್ಚಿ ಒದ್ದಿ ಬಟ್ಟಿಲೆ ಒರಸ್ರಿ. ಒಳಗಿನ ಸ್ಪಂಜು ತೊಯ್ಯಬಾರದು. ಉಳಿದ ಕೆಂಪು ಕಲಿಗೆ ನಿಂಬಿಹಣ್ಣಿನ ರಸ ಸ್ವಲ್ಪ ಹಚ್ಚಿ ಹತ್ತು ನಿಮಿಷ ಬಿಟ್ಟು ಒರಸ್ರಿ. ಬ್ಲೀಚಿಂಗ್ ಮಾತ್ರ ಬ್ಯಾಡ, ಕಬ್ಬಿಣದ ಕಲಿ ಅದಕ್ಕ ಹೋಗಂಗಿಲ್ಲ, ಇನ್ನೂ ಗಟ್ಟಿ ಕೂಡ್ತದ.

ಜೀನ್ಸ್ ಬಣ್ಣಕ್ಕ ಮೆಡಿಕಲ್ ಶಾಪ್ ಸ್ಪಿರಿಟ್ ಬಿಳಿ ಬಟ್ಟಿಗೆ ಹಾಕಿ ಒತ್ತಿ ಎತ್ರಿ, ತಿಕ್ಕಬ್ಯಾಡ್ರಿ, ಹರಡ್ತದ. ಮೊದ್ಲ ಸೀಟಿನ ಅಡೀಲಿ ಕಾಣದ ಜಾಗದಾಗ ಟೆಸ್ಟ್ ಮಾಡ್ರಿ. ಪೂರ್ತಿ ಹೋಗೋದು ಕಷ್ಟ ಅದ, ಅರ್ಧ ಹೋದ್ರ ಖುಷಿ ಪಡ್ರಿ.

ಸೂಜಿದಾರ_ಕೊಪ್ಪಳ:
ಜೀನ್ಸ್ ಊರಾಗ ಇದ್ದು ಜೀನ್ಸ್ ಬಣ್ಣಕ್ಕ ಅಳ್ತೀಯಲ್ಲೋ ತಮ್ಮಾ. ಡ್ರೈವರ್ ಸೀಟಿನ ಪಕ್ಕದ ದಿಂಡು ಹೊಲಿಗಿ ಬಿಟ್ಟಿದ್ರ ನಿಮ್ಮೂರಿನ ಜೀನ್ಸ್ ಹೊಲಿಯೋರಿಗೇ ಕೊಡು, ಅವರ ಮಷಿನ್ ದಪ್ಪ ಬಟ್ಟಿ ನಾಕು ಪದರ ಸೂಜಿ ಮುರೀದಂಗ ಹೊಲಿತೈತಿ, ದಾರಾನೂ ಗಟ್ಟಿ. ಮನಿ ಮಷಿನ್ ಮ್ಯಾಲ ಹಾಕಿ ಕೆಡಿಸ್ಕೋಬ್ಯಾಡ.

ಬಳ್ಳಾರಿ_ಬಿಸಿಲು:
ಹೊಲಿಗೆ ಅಲ್ಲೇ ಹಾಕಿಸಿದೆ, ಇನ್ನೊಂದು ಜೊತೆ ಪ್ಯಾಂಟು ಹೊಲಿಸ್ರಿ ಅಂದ್ರು ದುಡ್ಡು ತಗಳಲಿಲ್ಲ.

ಅಂದಂಗೆ ಡ್ಯಾಶ್‌ಬೋರ್ಡಿಗೆ ಅಪ್ಪ ವರ್ಷಾನುಗಟ್ಲೆ ಕೊಬ್ರಿ ಎಣ್ಣೆ ಹಚ್ಚಿ ಒರೆಸಿದಾರೆ, ಈಗ ಜಿಗಿಜಿಗಿ. ಅವರ ಮುಂದೆ ತೊಳೆದ್ರೆ ಬೇಜಾರು ಮಾಡ್ಕಂತಾರೆ.

ರಾಯಚೂರು_ರಿಪೇರಿ:
ಅವರು ಊರಿಗೆ ಹೋದಾಗ ತೊಳೀರಿ. ಶಾಂಪೂ ನೀರು, ಮೆತ್ತನ ಬ್ರಷ್, ಸ್ವಿಚ್ ಕಡೆ ಹುಷಾರ್. ಆಮ್ಯಾಲ ಹೊಳಪು ಬರೋದು ಹಚ್ಚಬ್ಯಾಡ್ರಿ, ಮಧ್ಯಾಹ್ನ ಗಾಜಿನ್ಯಾಗ ಅದರ ಪ್ರತಿಬಿಂಬ ಕಣ್ಣಿಗೆ ಹೊಡೀತದ. ನೀರಿನ ಬೇಸ್ ಇರೋ, ಹೊಳಪಿಲ್ಲದ ಡ್ರೆಸಿಂಗ್ (ಪ್ಲಾಸ್ಟಿಕ್ಕಿಗೆ ಹಚ್ಚೋದು) ಸಾಕು. ಸ್ಟೀರಿಂಗಿಗೆ, ಪೆಡಲಿಗೆ ಏನೂ ಹಚ್ಚಬ್ಯಾಡ್ರಿ, ಜಾರ್ತದ.

ಬಳ್ಳಾರಿ_ಬಿಸಿಲು:
ಅಪ್ಡೇಟ್. ಬಟ್ಟೆ ಹಾಕಿ ಇವತ್ತಿಗೆ 24 ದಿನ, ಏಪ್ರಿಲ್ ಬಿಸಿಲು, ನೆರಳಿಲ್ಲದ ಕಡೆ ಬೇಕಂತಲೇ ನಿಲ್ಲಿಸಿ ನೋಡಿದೀನಿ, ಎಲ್ಲೂ ಎದ್ದಿಲ್ಲ. ಗಮ್ಮು ಬಟ್ಟೆ ಬ್ರಷ್ಷು ಮುರಿದ ಕ್ಲಿಪ್ಪು ಎಲ್ಲ ಸೇರಿ ಎರಡು ಸಾವಿರದೊಳಗೆ ಆತು. ಹೊಸ ಬಟ್ಟೆ ತಿಳಿ ಬೂದಿ ಬಣ್ಣ, ಪಿಲ್ಲರ್ ಪ್ಲಾಸ್ಟಿಕ್ ಹಳೇ ಕ್ರೀಮು, ಅದು ಮ್ಯಾಚ್ ಆಗಿಲ್ಲ, ಅಂಗಡಿಯಾಗೆ ಲೈಟ್ ಕೆಳಗೆ ಒಂದೇ ಕಂಡಿತ್ತು. ರೂಫ್ ಲೈಟ್ ಹತ್ರ ಒಂದು ಬೆರಳುದ್ದ ಸುಕ್ಕು ಉಳಿದೈತೆ, ಅಲ್ಲಿ ನಾನು ಅವಸರಕ್ಕೆ ಎಳೆದಿದ್ದೆ. ಇಸ್ತ್ರಿ ಪೆಟ್ಟಿಗೆ ಸ್ವಲ್ಪ ತಾಗಿಸಿದ್ರೆ ಹೋಗ್ತೈತಾ?

ಸೂಜಿದಾರ_ಕೊಪ್ಪಳ:
ಇಸ್ತ್ರಿ ಗಿಸ್ತ್ರಿ ಬ್ಯಾಡ, ಗಮ್ಮು ಕರಗಿ ಬಟ್ಟಿ ಬಿಡ್ತೈತಿ, ಫೋಮ್ ಚಪ್ಪಟಿ ಆಗಿ ಪೆಟ್ಟಿಗಿ ಗುರ್ತು ಉಳೀತೈತಿ. ದಿನಾ ಗಾಡಿ ಹತ್ತೋ ಮುಂದ ಅಂಗೈಲೆ ಒತ್ತು, ಹೋದ್ರ ಹೋತು. ಹೋಗಲಿಲ್ಲಂದ್ರ ಹಂಗ ಬಿಡು, ನನ್ನ ಗಾಡಿಯಾಗ ಎರಡು ಅದಾವು.

ಗಂಗಾವತಿ_ಗಾಡಿ:
ದೋಸ್ತಾ, ನಿನ್ನೆ ಹಂಪ್ಸ್ ಹಾರಿಸಿದಾಗ ನನ್ನ ಪಿನ್ನು ಐದು ಉದುರಿದ್ವು, ಒಂದು ಹೆಂಡ್ತಿ ಚಾ ಕಪ್ಪಿನ್ಯಾಗ ಬಿತ್ತು. ಆ ಬಟ್ಟಿ ಬಳ್ಳಾರಿಯಾಗ ಯಾವ ಓಣ್ಯಾಗ ಸಿಕ್ತು ಹೇಳು, ಶನಿವಾರ ಬರ್ತೀನಿ.