ಬುಕ್‌ಮನ್ ಹಿಟ್ಲರನನ್ನು ಹೊಗಳಿದ್ದು ನಿಜ, ಅಷ್ಟಕ್ಕೇ ಎಂಆರ್‌ಎ ಕೆಟ್ಟದ್ದಾಯ್ತಾ?

ಪ್ರಶ್ನೆ: ಇತಿಹಾಸ ವಿದ್ಯಾರ್ಥಿನಿ
ಅಮೆರಿಕದ ಪಾದ್ರಿ ಫ್ರಾಂಕ್ ಬುಕ್‌ಮನ್ 1938ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಮಾರಲ್ ರೀ-ಆರ್ಮಮೆಂಟ್ (ಎಂಆರ್‌ಎ) ಎಂಬ ನೈತಿಕ ಸುಧಾರಣೆಯ ಚಳವಳಿ ಬಗ್ಗೆ ಓದುತ್ತಿದ್ದೇನೆ. ಅವರು 1936ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹಿಟ್ಲರನನ್ನು ಹೊಗಳಿದ್ದರು. ಇದು ಮತಾಂತರದ ಗುಂಪು ಅನ್ನುವವರೂ ಇದ್ದಾರೆ. ಮಹಾರಾಷ್ಟ್ರದ ಪಂಚಗಣಿಯಲ್ಲಿರುವ ಅವರ ಶಿಬಿರಕ್ಕೆ ಹೋದವರು ಯಾರಾದರೂ ಇದ್ದೀರಾ?

ಉತ್ತರ: ನಿವೃತ್ತ ಫಿಟ್ಟರ್, ಹುಬ್ಬಳ್ಳಿ
ಹೋಗಿದ್ದೇನೆ ತಂಗಿ. 1984ರಲ್ಲಿ, ಯೂನಿಯನ್ ಕಡೆಯಿಂದ. ನಮ್ಮ ಕೋಣೆಯಲ್ಲಿ ಒಬ್ಬರು ನಮಾಜ್ ಮಾಡುತ್ತಿದ್ದರು, ನಾನು ವಿಭೂತಿ ಹಚ್ಚುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಆ ಕೇಂದ್ರ ಕಟ್ಟಲು ಮುಂದೆ ನಿಂತವರು ಗಾಂಧೀಜಿಯ ಮೊಮ್ಮಗ ರಾಜಮೋಹನ ಗಾಂಧಿ.

ಬೆಳಗ್ಗೆ ನೋಟ್‌ಬುಕ್ ಕೊಟ್ಟು ಸುಮ್ನೆ ಕೂರಿಸುತ್ತಿದ್ದರು. ಪ್ರಾಮಾಣಿಕತೆ, ಶುದ್ಧತೆ, ನಿಸ್ವಾರ್ಥ, ಪ್ರೀತಿ, ಈ ನಾಲ್ಕರ ಮುಂದೆ ನಿನ್ನನ್ನು ನಿಲ್ಲಿಸಿಕೊಂಡು ನೋಡು, ತೋಚಿದ್ದು ಬರಿ ಅಂತ. ಎರಡು ದಿನ ಫೋರ್‌ಮನ್ ಮಾಡಿದ ಅನ್ಯಾಯಗಳನ್ನೇ ಬರೆದೆ. ಮೂರನೇ ದಿನ ಬರೆದದ್ದು ಒಂದೇ ಸಾಲು: ‘ಮಾಡದ ಓವರ್‌ಟೈಮ್‌ಗೆ ಸಹಿ, 11 ಸಲ.’ ಊರಿಗೆ ಬಂದವನೇ ಆ ಹಾಳೆ ಹರಿದು ಫೋರ್‌ಮನ್ ಟೇಬಲ್ ಮೇಲೆ ಇಟ್ಟೆ. ಕೈ ನಡುಗುತ್ತಿತ್ತು. ನಾಲ್ಕು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಆದರೆ ವರ್ಷಗಟ್ಟಲೆ ನನ್ನ ಮುಖ ನೋಡದ ಆ ಮನುಷ್ಯ ಅವತ್ತು ಕುರ್ಚಿ ಎಳೆದು ಕೂರು ಅಂದ.

ಹಿಟ್ಲರ್ ಬಗ್ಗೆ ಆಡಿದ ಮಾತು ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 1942ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೋ ಇದೇ ಗುಂಪಿನ ವಿರುದ್ಧ ವರದಿ ಮಾಡಿತ್ತು, ಅದನ್ನೂ ಓದಿ.

ಉತ್ತರ: ಇನ್ನೊಬ್ಬ ಓದುಗ
ಸರ್, ಕಾರ್ಮಿಕರು ತಪ್ಪೊಪ್ಪಿಕೊಂಡು ತಣ್ಣಗಾದರೆ ಲಾಭ ಮಾಲೀಕರಿಗೇ ಅಲ್ವಾ? ಕಮ್ಯುನಿಸ್ಟ್ ವಿರೋಧವೇ ಅವರ ಬಂಡವಾಳ.

ಉತ್ತರ: ನಿವೃತ್ತ ಫಿಟ್ಟರ್, ಹುಬ್ಬಳ್ಳಿ
ಕಮ್ಯುನಿಸಂ ಕಂಡರೆ ಅವರಿಗೆ ಆಗುತ್ತಿರಲಿಲ್ಲ, ನಿಜ. ಆದರೆ ಐರೀನ್ ಲೋರ್ ಯಾರು? ಫ್ರಾನ್ಸಿನ ಸಮಾಜವಾದಿ, ನಾಜಿಗಳ ವಿರುದ್ಧ ಹೋರಾಡಿದ ಹೆಂಗಸು. ಅವರ ಮಗನಿಗೆ ಚಿತ್ರಹಿಂಸೆ ಕೊಟ್ಟಿದ್ದರು. 1947ರಲ್ಲಿ ಸ್ವಿಟ್ಜರ್‌ಲೆಂಡಿನ ಕೋ ಊರಿನ ಎಂಆರ್‌ಎ ಸಭೆಯಲ್ಲಿ ಜರ್ಮನ್ನರನ್ನು ಕಂಡು ಹೊರಟೇ ಬಿಡಲು ನೋಡಿದ್ದರು. ಜರ್ಮನ್ನರನ್ನು ಬಿಟ್ಟು ಯುರೋಪ್ ಹೇಗೆ ಕಟ್ಟುತ್ತೀರಿ ಎಂದು ಬುಕ್‌ಮನ್ ಕೇಳಿದರು. ಕೊನೆಗೆ ಐರೀನ್ ಅದೇ ಜರ್ಮನ್ನರ ಎದುರು ನಿಂತು, ನಿಮ್ಮನ್ನು ದ್ವೇಷಿಸಿದ್ದಕ್ಕೆ ಕ್ಷಮಿಸಿ ಅಂದರು. ಅವರನ್ನು ಯಾವ ಮಾಲೀಕ ತಣ್ಣಗೆ ಮಾಡಿದ?

ನಾನೂ ತಣ್ಣಗಾಗಲಿಲ್ಲ. ಮರುವರ್ಷ ಬೋನಸ್ಸಿಗಾಗಿ 16 ದಿನ ಗೇಟಿನ ಮುಂದೆ ಕೂತೆವು. ಮಾತುಕತೆಗೆ ಕರೆದಾಗ ಹುಡುಗರು ನನ್ನನ್ನೇ ಮುಂದೆ ಬಿಟ್ಟರು. ನಾನು ಹೇಳಿದ ಲೆಕ್ಕವನ್ನು ಆಫೀಸಿನವರು ಮತ್ತೆ ಕೂಡಿಸಿ ನೋಡಲಿಲ್ಲ.